ಬಗ್ಗದ ಸೋಂಕು: ಬ್ಯಾಕ್ಟೀರಿಯಾ ಎಲ್ಲಿ ಅವಿತಿದೆ ಎಂದು ಲಕ್ಷಣ ಹಿಡಿದು ಹುಡುಕುವ ಬಗೆ

ಮಾತ್ರೆ ಮುಗಿಯಿತು, ಸೋಂಕು ಮುಗಿಯಲಿಲ್ಲ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಮಾತು: "ನನಗೆ ಇಮ್ಯುನಿಟಿ ಕಮ್ಮಿ", ಇಲ್ಲವೇ "ಇನ್ನೂ ಸ್ಟ್ರಾಂಗ್ ಮಾತ್ರೆ ಬೇಕಿತ್ತು". ಲ್ಯಾಬ್‌ನಲ್ಲಿ ಕೂತು ದಿನವಿಡೀ ಕಲ್ಚರ್ ಪ್ಲೇಟ್ (ರೋಗಿಯ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ತಟ್ಟೆ) ನೋಡುವ ನನಗೆ ಇವೆರಡೂ ಎಷ್ಟೋ ಸಲ ತಪ್ಪಾಗಿ ಕಂಡಿವೆ. ಮೈಯ ಕಾವಲು ನೆಟ್ಟಗಿರುತ್ತದೆ, ಮಾತ್ರೆಯೂ ಸರಿಯಾದದ್ದೇ ಇರುತ್ತದೆ. ಬ್ಯಾಕ್ಟೀರಿಯಾ ಮಾತ್ರ ಎರಡೂ ತಲುಪದ ಕಡೆ ಹೋಗಿ ಕೂತಿರುತ್ತದೆ. ಹಾಗಾಗಿ ಯಾವ ಮಾತ್ರೆ ಎಂದು ಕೇಳುವ ಮೊದಲು ಎಲ್ಲಿದೆ ಎಂದು ಕೇಳಬೇಕು. ಮೈಮೇಲೆ ಕಾಣುವ ಲಕ್ಷಣ ಆ ಜಾಗದ ಸುಳಿವನ್ನು ಬಹಳ ಸಲ ಕೊಟ್ಟೇ ಇರುತ್ತದೆ.

ನಾನು ವೈದ್ಯನಲ್ಲ. ವೈದ್ಯರ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಇದನ್ನು ಬಳಸಿಕೊಳ್ಳಿ, ಮನೆಯಲ್ಲೇ ಔಷಧ ಮಾಡಿಕೊಳ್ಳಲು ಬೇಡ.

ಇವುಗಳಲ್ಲಿ ಒಂದಿದ್ದರೂ ಓದುವುದನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ

- ಮಾತು ತೊದಲುವುದು, ಗೊಂದಲ, ಎಬ್ಬಿಸಿದರೂ ಏಳದಷ್ಟು ಮಂಪರು
- ದೊಡ್ಡವರಲ್ಲಿ ಉಸಿರಾಟ ನಿಮಿಷಕ್ಕೆ 22 ದಾಟಿರುವುದು, ಏದುಸಿರು, ತುಟಿ ನೀಲಿಯಾಗುವುದು
- ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ಮಚ್ಚೆ ಮಚ್ಚೆ ಬಣ್ಣ, ಅರ್ಧ ದಿನದಿಂದ ಮೂತ್ರವೇ ಆಗದಿರುವುದು
- ಜ್ವರದ ಜೊತೆ ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಗಾಜಿನ ಲೋಟ ಒತ್ತಿ ಹಿಡಿದರೂ ಮಾಸದ ಕೆಂಪು-ನೇರಳೆ ಚುಕ್ಕಿಗಳು (ಕಪ್ಪು ಚರ್ಮದಲ್ಲಿ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗ ನೋಡಿ)
- ಕಣ್ಣಿಗೆ ಕಾಣುವ ಗಾಯ ಸಣ್ಣದು, ನೋವು ಮಾತ್ರ ತಡೆಯಲಾರದಷ್ಟು
- ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ

ಇವೆಲ್ಲ ಸೋಂಕು ಒಂದು ಜಾಗದ ಹಿಡಿತ ಮೀರಿ ಇಡೀ ಮೈಗೆ ಅಥವಾ ಒಳಪದರಕ್ಕೆ ಇಳಿದಿರಬಹುದೆಂಬ ಸೂಚನೆ. ಇಲ್ಲಿ ಲೆಕ್ಕ ಗಂಟೆಗಳದ್ದು. ವಯಸ್ಸಾದವರಲ್ಲಿ ಇಷ್ಟೆಲ್ಲ ಆದರೂ ಜ್ವರವೇ ಬರದಿರಬಹುದು. "ಮೈ ಬಿಸಿ ಇಲ್ಲವಲ್ಲ" ಎಂದು ಸುಮ್ಮನಿರಬೇಡಿ.

ಕಾಸು ಖರ್ಚಿಲ್ಲದ ತಪಾಸಣೆ ಮೊದಲು

ಒಂದು ಥರ್ಮಾಮೀಟರ್, ಒಂದು ಪೆನ್ನು, ಒಂದು ಕಾಗದ ಸಾಕು. ದಿನಕ್ಕೆ ಮೂರು ಹೊತ್ತು ಜ್ವರ ಅಳೆದು ಸಮಯದ ಜೊತೆ ಬರೆದಿಡಿ. "ರಾತ್ರಿ ಸ್ವಲ್ಪ ಬಿಸಿ ಇತ್ತು" ಎನ್ನುವುದಕ್ಕಿಂತ "ಐದು ದಿನದಿಂದ ಸಂಜೆ 38.2" ಎನ್ನುವುದು ವೈದ್ಯರಿಗೆ ಹತ್ತು ಪಟ್ಟು ಉಪಯೋಗ. ಚರ್ಮ ಕೆಂಪಾಗಿದ್ದರೆ ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ.

ಆಮೇಲೆ ಮಾತ್ರೆಯ ಪಟ್ಟಿ ಎಣಿಸಿ. ಎಷ್ಟು ಉಳಿದಿರಬೇಕಿತ್ತು, ಎಷ್ಟು ಉಳಿದಿದೆ? ಬಗ್ಗದ ಸೋಂಕು ಎಂದುಕೊಂಡಿದ್ದು ಕೆಲವೊಮ್ಮೆ ಮೂರನೇ ದಿನಕ್ಕೇ ನಿಲ್ಲಿಸಿದ ಮಾತ್ರೆಯಾಗಿರುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳಿ: ಇದು ನಿಜಕ್ಕೂ ಬ್ಯಾಕ್ಟೀರಿಯಾವೇ? ನೆಗಡಿ, ಫ್ಲೂ, ಹೆಚ್ಚಿನ ಗಂಟಲುನೋವು ವೈರಸ್‌ನವು. ಅವು ಆಂಟಿಬಯಾಟಿಕ್‌ಗೆ ಬಗ್ಗಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಲಕ್ಷಣ: ಕುರು ಎದ್ದಿದೆ, ಮುಟ್ಟಿದರೆ ಬಿಸಿ, ಕೀವು ಕಟ್ಟಿದೆ, ಮಾತ್ರೆಗೆ ಇಳಿಯುತ್ತಿಲ್ಲ

ಇಲ್ಲಿ ಮೊದಲ ಅನುಮಾನ ಸ್ಟೆಫಿಲೋಕಾಕಸ್ ಆರಿಯಸ್ (ಚುಟುಕಾಗಿ ಸ್ಟೆಫ್) ಎಂಬ ಬ್ಯಾಕ್ಟೀರಿಯಾದ ಮೇಲೆ. ನನ್ನ ಮೇಜಿನ ಮೇಲೆ ಇದನ್ನು ಗುರುತಿಸುವ ಎರಡು ಸರಳ ಪರೀಕ್ಷೆಗಳೇ ಇದರ ಗುಟ್ಟನ್ನು ಬಿಟ್ಟುಕೊಡುತ್ತವೆ.

ಮೊದಲನೆಯದು: ಗಾಜಿನ ಪಟ್ಟಿಯ ಮೇಲೆ ಒಂಚೂರು ಕಾಲನಿ (ಪ್ಲೇಟಿನ ಮೇಲೆ ಗುಂಪಾಗಿ ಬೆಳೆದ ಬ್ಯಾಕ್ಟೀರಿಯಾ) ಸವರಿ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಡುತ್ತೇನೆ. ಬುಸಬುಸನೆ ನೊರೆ ಏಳುತ್ತದೆ. ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲಲು ಬಳಸುವ ವಿಷಗಳಲ್ಲಿ ಇದೇ ಪೆರಾಕ್ಸೈಡ್ ಒಂದು. ಸ್ಟೆಫ್ ಅದನ್ನು ಕ್ಯಾಟಲೇಸ್ ಎಂಬ ಕಿಣ್ವದಿಂದ ನೀರು, ಆಮ್ಲಜನಕವಾಗಿ ಒಡೆದು ಬದುಕಿಕೊಳ್ಳುತ್ತದೆ. ಪ್ಲೇಟಿನ ಮೇಲೆ ಇದಕ್ಕೆ ಹೊಂಬಣ್ಣ ಬರುತ್ತದೆ, ಹೆಸರೂ ಆ ಬಣ್ಣದಿಂದಲೇ ಬಂದದ್ದು. ಆ ಬಣ್ಣದ ವಸ್ತು ಕೂಡ ಇಂಥ ವಿಷವನ್ನು ಹೀರಿಕೊಳ್ಳುವ ಗುರಾಣಿ.

ಎರಡನೆಯದು: ಪುಟ್ಟ ಕೊಳವೆಯಲ್ಲಿ ಪ್ಲಾಸ್ಮಾ (ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿ) ಹಾಕಿ, ಬ್ಯಾಕ್ಟೀರಿಯಾ ಬೆರೆಸಿ 37 ಡಿಗ್ರಿಯಲ್ಲಿ ಇಡುತ್ತೇನೆ. ನಾಲ್ಕು ಗಂಟೆ ಬಿಟ್ಟು ಕೊಳವೆ ಓರೆ ಮಾಡಿದರೆ ನೀರಿನಂತಿದ್ದ ಪ್ಲಾಸ್ಮಾ ಗಟ್ಟಿಯಾಗಿ ಅಲುಗದೆ ನಿಂತಿರುತ್ತದೆ. ಮೈಯೊಳಗೂ ಅದು ಮಾಡುವುದು ಇದನ್ನೇ. ನಮ್ಮದೇ ರಕ್ತದ ನಾರಿನಿಂದ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗೋಡೆಯ ಹೊರಗೆ ನ್ಯೂಟ್ರೋಫಿಲ್‌ಗಳು ಮುಗಿಬಿದ್ದು ಸಾಯುತ್ತವೆ. ಕೀವು ಎಂದರೆ ಬಹುಪಾಲು ಆ ಹೆಣಗಳ ರಾಶಿ. ಸಾಲದ್ದಕ್ಕೆ ಇದರ ಮೈಮೇಲೆ ಪ್ರೊಟೀನ್ ಎ ಎಂಬುದೊಂದಿದೆ. ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ಗುರುತು ಹಾಕುವ ನಮ್ಮ ಪ್ರತಿಕಾಯವನ್ನು (ಆಂಟಿಬಾಡಿ) ಅದು ಬಾಲದ ಕಡೆಯಿಂದ ಹಿಡಿದುಕೊಳ್ಳುತ್ತದೆ. ಬಿಳಿ ರಕ್ತಕಣಕ್ಕೆ ಬೇಕಿದ್ದ ಹಿಡಿಯೇ ಆ ಬಾಲ. ಅದು ಸಿಗದೆ ಕಣ ಬರಿಗೈಯಲ್ಲಿ ನಿಲ್ಲುತ್ತದೆ.

ಇದರಿಂದ ತಿಳಿಯಬೇಕಾದ್ದು: ಮಾತ್ರೆ ಬರುವುದು ರಕ್ತದ ಜೊತೆ, ಕೀವಿನ ಗುಳಿಯೊಳಗೆ ರಕ್ತ ಹರಿಯುವುದಿಲ್ಲ. ದೊಡ್ಡ ಕುರುವಿಗೆ ಮಾತ್ರೆ ಬದಲಿಸುತ್ತಾ ಹೋಗುವುದಕ್ಕಿಂತ ಕೀವು ಹೊರತೆಗೆಸುವುದು ಮುಖ್ಯ.

ಸಣ್ಣದಿದ್ದರೆ ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ, ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ತಾನಾಗಿ ಒಡೆದರೆ ಒರೆಸಿ, ಮುಚ್ಚಿ, ಕೈ ತೊಳೆಯಿರಿ. ನಡುವೆ ಮೆತ್ತಗಾಗಿ ಒಡೆಯದೇ ಉಳಿದರೆ, ಎರಡು ಮೂರು ದಿನದಲ್ಲಿ ದೊಡ್ಡದಾದರೆ, ಜ್ವರ ಸೇರಿದರೆ ವೈದ್ಯರ ಹತ್ತಿರ ಕೊಯ್ಯಿಸಿಕೊಳ್ಳಿ.

ಎಚ್ಚರಿಕೆ: ಹಿಸುಕಬೇಡಿ. ಹಿಸುಕಿದಾಗ ಗೋಡೆ ಒಳಮುಖವಾಗಿಯೂ ಒಡೆಯುತ್ತದೆ. ಮೂಗು, ಮೇಲ್ದುಟಿಯ ಸುತ್ತಲಿನ ಕುರುವನ್ನಂತೂ ಮುಟ್ಟಲೇಬೇಡಿ, ಅಲ್ಲಿನ ರಕ್ತನಾಳಗಳು ತಲೆಯೊಳಗಿನ ನಾಳಗಳೊಡನೆ ಕೂಡುತ್ತವೆ. ಗಾಯಕ್ಕೆ ದಿನವೂ ಪೆರಾಕ್ಸೈಡ್ ಸುರಿಯುವ ಅಭ್ಯಾಸವಿದ್ದರೆ ಬಿಡಿ. ನೊರೆ ಎದ್ದದ್ದು ಬ್ಯಾಕ್ಟೀರಿಯಾ ಸತ್ತದ್ದಕ್ಕೆ ಸಾಕ್ಷಿಯಲ್ಲ. ನಮ್ಮ ಜೀವಕೋಶಗಳಲ್ಲೂ ಕ್ಯಾಟಲೇಸ್ ಇದೆ, ಹೊಸದಾಗಿ ಮೂಡುತ್ತಿರುವ ಚರ್ಮವೂ ಅದರಲ್ಲಿ ಸುಡುತ್ತದೆ.

ಲಕ್ಷಣ: ಕೀವಿಲ್ಲ, ಕೆಂಪು ಮಾತ್ರ ಹರಡುತ್ತಿದೆ

ಇದು ಹೆಚ್ಚಾಗಿ ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾದ ಶೈಲಿ. ಸ್ಟೆಫ್ ಗೋಡೆ ಕಟ್ಟಿದರೆ ಇದು ಗೋಡೆ ಕೆಡವುತ್ತದೆ. ಮೈ ಕಟ್ಟಿದ ಹೆಪ್ಪನ್ನು ಕರಗಿಸಲು ಇದು ಬಳಸುವ ಸ್ಟ್ರೆಪ್ಟೋಕೈನೇಸ್ ಎಷ್ಟು ಸಮರ್ಥವೆಂದರೆ, ಹೃದಯಾಘಾತದಲ್ಲಿ ನಾಳದ ಹೆಪ್ಪು ಕರಗಿಸಲು ವೈದ್ಯರು ಅದನ್ನೇ ಔಷಧವಾಗಿ ಬಳಸಿದ್ದಾರೆ. ಬಿಳಿ ರಕ್ತಕಣಗಳನ್ನು ಕರೆಯುವ ರಾಸಾಯನಿಕ ಕೂಗನ್ನು ಇದು ಕತ್ತರಿಸಿ ಹಾಕುತ್ತದೆ. ಹೊದ್ದುಕೊಳ್ಳುವುದು ಹಯಲುರಾನಿಕ್ ಆಮ್ಲ. ನಮ್ಮ ಚರ್ಮ, ಕೀಲುಗಳಲ್ಲಿ ಇರುವುದೂ ಅದೇ, ಹಾಗಾಗಿ ಕಾವಲಿನವರ ಕಣ್ಣಿಗೆ ಇದು ಮನೆಯವರಂತೆಯೇ ಕಾಣುತ್ತದೆ.

ಪೆನ್ನಿನ ಗೆರೆ ನೋಡಿ. ಚಿಕಿತ್ಸೆ ಶುರುವಾದ ಮೊದಲ ದಿನ ಕೆಂಪು ಗೆರೆಯಾಚೆ ಸ್ವಲ್ಪ ಸರಿಯಬಹುದು, ಗಾಬರಿ ಬೇಡ. 48 ಗಂಟೆ ಕಳೆದೂ ಮುಂದುವರಿದರೆ ವೈದ್ಯರನ್ನು ಮತ್ತೆ ಕಾಣಿ. ಗೆರೆಯನ್ನು ಗಂಟೆಗಂಟೆಗೂ ದಾಟುತ್ತಿದ್ದರೆ, ಚರ್ಮ ನೇರಳೆ ಅಥವಾ ಕಪ್ಪಾದರೆ, ಬೊಬ್ಬೆ ಎದ್ದರೆ, ಕಿತ್ತು ತಿನ್ನುವಂತಿದ್ದ ನೋವು ಇದ್ದಕ್ಕಿದ್ದಂತೆ ಮರಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಲಕ್ಷಣ: ಮಾತ್ರೆ ಇರುವಷ್ಟು ದಿನ ಆರಾಮ, ನಿಲ್ಲಿಸಿದರೆ ಅದೇ ಜಾಗದಲ್ಲಿ ಮತ್ತೆ

ಇದನ್ನು ನಾನು ಅನುಭವಿಸಿಯೇ ಕಲಿತೆ. ಅಂಗೈಯಲ್ಲೊಂದು ಗಾಯ. ಮಾತ್ರೆ ತಿಂದ ವಾರ ಒಣಗುವುದು, ಬಿಟ್ಟ ವಾರ ಒಸರುವುದು. ಮೂರು ಸುತ್ತು ಹೀಗೇ ನಡೆಯಿತು. ಕಲ್ಚರ್ ಮಾಡಿದವನೂ ನಾನೇ, ತೆಗೆದುಕೊಳ್ಳುತ್ತಿದ್ದ ಮಾತ್ರೆಗೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಓದಿದವನೂ ನಾನೇ. ಕೊನೆಗೆ ಗಾಯ ಬಿಡಿಸಿದಾಗ ಸಿಕ್ಕಿದ್ದು ಅಕ್ಕಿಕಾಳಿಗಿಂತ ಸಣ್ಣದೊಂದು ಮರದ ಸಿಬಿರು. ತೆಗೆದ ವಾರದಲ್ಲಿ ಗಾಯ ಮಾಯಿತು, ಹೊಸ ಮಾತ್ರೆ ಏನೂ ಇಲ್ಲದೆ.

ಮುಳ್ಳಿಗೂ ಈ ವಿದ್ಯೆಗೂ ಹಳೆಯ ನಂಟು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಬೆಳಗ್ಗೆ ನೋಡಿದಾಗ ಮುಳ್ಳಿನ ಸುತ್ತ ಅಲೆಮಾರಿ ಕಣಗಳು ಮುತ್ತಿಕೊಂಡಿದ್ದವು. ನುಂಗುವ ಕಣಗಳ ಕಥೆ ಶುರುವಾದದ್ದೇ ಅಲ್ಲಿ. 1908ರಲ್ಲಿ ಅವರಿಗೆ ನೊಬೆಲ್ ಬಂತು. ಮುಳ್ಳನ್ನು ನುಂಗಲಾಗದೆ ದಣಿದ ಕಣಗಳ ನಡುವೆ ಬ್ಯಾಕ್ಟೀರಿಯಾಕ್ಕೆ ಎಷ್ಟು ಸಲೀಸು ಎಂಬುದನ್ನು 1957ರಲ್ಲಿ ಎಲೆಕ್ ಮತ್ತು ಕಾನೆನ್ ಎಂಬ ಸಂಶೋಧಕರು ತೋರಿಸಿದರು. ಬರಿಯ ಚರ್ಮದಲ್ಲಿ ಕೀವಾಗಲು ಹತ್ತು ಲಕ್ಷಕ್ಕೂ ಮಿಕ್ಕಿ ಸ್ಟೆಫ್ ಬೇಕು, ಹೊಲಿಗೆಯ ರೇಷ್ಮೆದಾರ ಒಂದಿದ್ದರೆ ಕೆಲವು ನೂರು ಸಾಕು.

ದಾರ, ಸಿಬಿರು, ಮೂತ್ರದ ನಳಿಕೆ, ಕೃತಕ ಕೀಲು, ಹೃದಯದ ಕೃತಕ ಕವಾಟ, ಸತ್ತ ಮೂಳೆಚೂರು, ಪಿತ್ತಕಲ್ಲು ಯಾವುದಾದರೂ ಸರಿ, ಬ್ಯಾಕ್ಟೀರಿಯಾ ಅದರ ಮೇಲೆ ಅಂಟಿ ಕೂತು ಲೋಳೆ ಸುರಿಸಿ ಮುಚ್ಚಿಕೊಳ್ಳುತ್ತದೆ. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ನ್ಯೂಟ್ರೋಫಿಲ್‌ಗೆ ಅದನ್ನು ಇಡಿಯಾಗಿ ನುಂಗಲು ಬಾಯಿ ಸಾಲದು. ಒಳಗಿನವು ಹಸಿವಿನಲ್ಲಿ ನಿಧಾನವಾಗಿ, ಬಹುತೇಕ ನಿದ್ದೆಯಲ್ಲಿರುತ್ತವೆ. ಬೆಳೆಯುವುದನ್ನು ಹೊಡೆಯುವ ಮಾತ್ರೆಗೆ ಬೆಳೆಯದೇ ಇರುವುದು ಸಿಗುವುದಿಲ್ಲ. 1944ರಲ್ಲಿ ಜೋಸೆಫ್ ಬಿಗ್ಗರ್ ಪೆನಿಸಿಲಿನ್ ಸುರಿದ ಮೇಲೂ ಉಳಿದ ಬೆರಳೆಣಿಕೆಯ ಸ್ಟೆಫ್‌ಗಳನ್ನು ಮತ್ತೆ ಬೆಳೆಸಿ ನೋಡಿದರು. ಅವುಗಳ ಸಂತಾನ ಅದೇ ಪೆನಿಸಿಲಿನ್‌ಗೆ ಮೊದಲಿನಂತೆಯೇ ಸತ್ತಿತು. ಎಂದರೆ ಅವು ಔಷಧ ಗೆದ್ದವಲ್ಲ, ಔಷಧ ಬಂದಾಗ ಮಲಗಿದ್ದವು.

(ಮೇರಿ ಮ್ಯಾಲನ್ ಹೆಸರು ಹಲವರು ಕೇಳಿರುತ್ತಾರೆ. ಟೈಫಾಯಿಡ್ ಬ್ಯಾಕ್ಟೀರಿಯಾ ಹೊತ್ತುಕೊಂಡೇ ತಾನು ಆರೋಗ್ಯವಾಗಿದ್ದು, ಸುತ್ತಲಿನವರಿಗೆ ಹಂಚಿದ ಅಡುಗೆಯಾಕೆ. ಇಂಥವರಲ್ಲಿ ಆ ಬ್ಯಾಕ್ಟೀರಿಯಾದ ಮೆಚ್ಚಿನ ಅಡಗುದಾಣ ಪಿತ್ತಕೋಶ.)

ಮನೆಯಲ್ಲಿ ಮಾಡಬಹುದಾದದ್ದು ನೆನಪಿಸಿಕೊಳ್ಳುವುದಷ್ಟೇ: ಅಲ್ಲಿ ಏನಾದರೂ ಚುಚ್ಚಿತ್ತೇ? ಹಳೆಯ ಆಪರೇಷನ್ನಿನ ಹೊಲಿಗೆ, ಪ್ಲೇಟ್, ನಳಿಕೆ ಇದೆಯೇ? ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಎಕ್ಸ್‌ರೇಯಲ್ಲಿ ಮರದ ಚೂರು ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ವಾಸಿ. ಕೃತಕ ಕೀಲು ಅಥವಾ ಕವಾಟ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಮಾತ್ರೆ ಶುರುಮಾಡುವ ಮುನ್ನ ರಕ್ತದ ಕಲ್ಚರ್ ತೆಗೆಯಬೇಕು. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಎರಡು ಗುಳಿಗೆ ನುಂಗಿ ಬಂದರೆ ನನ್ನ ಬಾಟಲಿಯಲ್ಲಿ ಏನೂ ಬೆಳೆಯದಿರಬಹುದು, ಕಳ್ಳನ ಹೆಜ್ಜೆಗುರುತು ನೀವೇ ಅಳಿಸಿದಂತೆ.

ಲಕ್ಷಣ: ಉರಿಮೂತ್ರ, ವಾಸಿಯಾಗಿ ಕೆಲವೇ ವಾರಕ್ಕೆ ಮತ್ತೆ

ಬಹುಪಾಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಮೂತ್ರ ಹರಿದು ತೊಳೆದುಹೋಗದಂತೆ ಕೂದಲಿನಂಥ ಎಳೆಗಳಿಂದ ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಕೆಲವು ಗೋಡೆಯ ಜೀವಕೋಶದೊಳಗೇ ನುಗ್ಗಿ ಅಲ್ಲಿ ಗುಂಪುಗೂಡುತ್ತವೆ. ಒಳಗಿರುವಷ್ಟು ಹೊತ್ತು ನ್ಯೂಟ್ರೋಫಿಲ್ ಕಾಟವೂ ಇಲ್ಲ, ಮೂತ್ರದಲ್ಲಿ ಬರುವ ಔಷಧದ ಕಾಟವೂ ಕಡಿಮೆ.

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷಕ್ಕೆ ಮೂರು ಸಲ ಆದರೆ ಅದನ್ನು ಮರುಕಳಿಸುವ ಸೋಂಕು ಎಂದೇ ಎಣಿಸಬೇಕು. ಪ್ರತಿ ಸಲವೂ ಅಂದಾಜಿನ ಮಾತ್ರೆಯಲ್ಲಿ ಮುಗಿಸದೆ ಒಮ್ಮೆ ಕಲ್ಚರ್ ಮಾಡಿಸಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಅದನ್ನು ಬೇಗ ಲ್ಯಾಬಿಗೆ ಮುಟ್ಟಿಸಿ, ತಡವಾದರೆ ತಣ್ಣಗೆ ಇಡಿ. ಬೆಚ್ಚಗಿನ ಡಬ್ಬಿಯಲ್ಲಿ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು, ಆಮೇಲೆ ನನ್ನ ಎಣಿಕೆಗೆ ಬೆಲೆ ಇಲ್ಲ. ಗಂಡಸರಲ್ಲಿ, ಮಕ್ಕಳಲ್ಲಿ, ಬಸುರಿಯರಲ್ಲಿ ಒಂದೇ ಸಲ ಬಂದರೂ ವೈದ್ಯರಿಗೆ ತೋರಿಸಬೇಕು. ಬೆನ್ನಿನ ಪಕ್ಕೆನೋವು, ಚಳಿಜ್ವರ, ವಾಂತಿ ಸೇರಿದರೆ ಸೋಂಕು ಕಿಡ್ನಿಗೆ ಹತ್ತಿರಬಹುದು, ಅಂದೇ ಹೋಗಿ.

ಲಕ್ಷಣ: ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಕ್ಷಯ. ಮ್ಯಾಕ್ರೋಫೇಜ್ ಎಂಬ ದೊಡ್ಡ ಕಾವಲುಕಣ ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ ಚೀಲ ಜೀರ್ಣರಸದ ಚೀಲದೊಡನೆ ಕೂಡಿದರೆ ಕಥೆ ಮುಗಿಯಬೇಕು. ಆ ಕೂಡುವಿಕೆಯನ್ನೇ ಇದು ತಡೆದು, ಕೊಲ್ಲಬೇಕಾದವನ ಹೊಟ್ಟೆಯೊಳಗೇ ಬಿಡಾರ ಹೂಡುತ್ತದೆ. ಮೈಗೆ ಮೇಣದಂಥ ಕೋಟು ಬೇರೆ. ಇಮ್ಮಡಿಯಾಗಲು ಹತ್ತಿರ ಹತ್ತಿರ ಒಂದು ದಿನ ತೆಗೆದುಕೊಳ್ಳುತ್ತದೆ. ಚಿಕಿತ್ಸೆ ಆರು ತಿಂಗಳು ಯಾಕೆ ಎಂದು ಕೇಳುವವರಿಗೆ ಉತ್ತರ ಈ ನಿಧಾನದಲ್ಲೇ ಇದೆ. ಮೊದಲ ಕೆಲವು ವಾರಕ್ಕೇ ಕೆಮ್ಮು ನಿಲ್ಲುತ್ತದೆ, ತೂಕ ಏರುತ್ತದೆ, ಮಲಗಿರುವವು ಮಾತ್ರ ಹಾಗೇ ಉಳಿದಿರುತ್ತವೆ. ನಡುವೆ ಮಾತ್ರೆ ಬಿಟ್ಟರೆ ಏಳುವುದು ಅವೇ, ಕೆಲವೊಮ್ಮೆ ಔಷಧಕ್ಕೂ ಜಗ್ಗದವಾಗಿ.

ಬೆಳಗಿನ ಮೊದಲ ಕಫ ಕೊಡಿ. ಉಗುಳು ಕೊಟ್ಟರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆಯಬೇಕು. ಜೀನ್ ಹುಡುಕುವ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ, ಕಲ್ಚರ್‌ಗೆ ವಾರಗಟ್ಟಲೆ ಬೇಕು. ಫಲಿತಾಂಶ ಬರುವವರೆಗೆ ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿಕೊಳ್ಳಿ. ಕೆಮ್ಮಿನಲ್ಲಿ ರಕ್ತ ಬಂದರೆ ಕಾಯಬೇಡಿ.

ಇಂಥ ದೀರ್ಘ ಸೋಂಕಿನಲ್ಲಿ ರಕ್ತದ ಕಬ್ಬಿಣ ಕಡಿಮೆ ಎಂದು ವರದಿ ಬರುವುದುಂಟು. ಬ್ಯಾಕ್ಟೀರಿಯಾಕ್ಕೆ ಸಿಗದಿರಲಿ ಎಂದು ಮೈ ಬೇಕೆಂದೇ ಅದನ್ನು ಬಚ್ಚಿಟ್ಟಿರಬಹುದು. ಅವಸರಪಟ್ಟು ಕಬ್ಬಿಣದ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಿ.

ಲಕ್ಷಣ: ಬೆಳಗ್ಗೆ ಚೆನ್ನಾಗಿದ್ದವರು ರಾತ್ರಿಗೆ ಹಾಸಿಗೆ ಹಿಡಿದರು

ನಡುಗುವ ಚಳಿ, ಜ್ವರ, ಉಸಿರೆಳೆದರೆ ಎದೆಗೆ ಚುಚ್ಚುವ ನೋವು. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ನಯವಾದ ಸಕ್ಕರೆಯ ಕೋಟು ತೊಟ್ಟಿರುತ್ತವೆ. ಕಾವಲುಕಣದ ಹಿಡಿತಕ್ಕೆ ಸಿಗದೆ ಜಾರುತ್ತವೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಇಲಿಗಳಲ್ಲಿ ನೋಡಿದ್ದು ಇದನ್ನೇ, ಕೋಟಿರುವ ನಯದ ಬಗೆ ಕೊಂದಿತು, ಕೋಟಿಲ್ಲದ ಒರಟು ಬಗೆ ಕೊಲ್ಲಲಿಲ್ಲ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕೆಲವು ಬಗೆಗಳಲ್ಲಿ ಈ ಕೋಟು ಎಷ್ಟು ದಪ್ಪವೆಂದರೆ ಕಾಲನಿಗೆ ಲೂಪ್ (ತುದಿಯಲ್ಲಿ ಬಳೆಯಿರುವ ಕಡ್ಡಿ) ಮುಟ್ಟಿಸಿ ಮೇಲೆತ್ತಿದರೆ ಲೋಳೆಯ ಎಳೆ ಜೊತೆಗೇ ಎದ್ದು ಬರುತ್ತದೆ. 5 ಮಿಲಿಮೀಟರ್ ದಾಟಿಯೂ ತುಂಡಾಗದಿದ್ದರೆ ಅದು ಹೆಚ್ಚು ಅಪಾಯದ ಬಗೆಯಿರಬಹುದೆಂದು ನಾನು ಫೋನ್ ಎತ್ತಿಕೊಂಡು ವಾರ್ಡಿಗೆ ಹೇಳುತ್ತೇನೆ.

ಈ ಕೋಟಿನವರನ್ನು ರಕ್ತದಿಂದ ಸೋಸುವ ಮುಖ್ಯ ಅಂಗ ಗುಲ್ಮ (ಸ್ಪ್ಲೀನ್). ಅಪಘಾತದಲ್ಲೋ ಆಪರೇಷನ್ನಿನಲ್ಲೋ ಗುಲ್ಮ ತೆಗೆಸಿಕೊಂಡವರಿಗೆ ಸಾದಾ ಜ್ವರ ಎಂಬುದೇ ಇಲ್ಲ. ಜ್ವರ ಬಂದ ಕೂಡಲೇ ಹೋಗಬೇಕು, "ನನಗೆ ಗುಲ್ಮವಿಲ್ಲ" ಎಂಬುದೇ ಮೊದಲ ವಾಕ್ಯವಾಗಬೇಕು. ಕೋಟಿನ ಸಕ್ಕರೆಗೆ ಮೊದಲೇ ಪ್ರತಿಕಾಯ ತಯಾರಿಸಿಡುವ ಲಸಿಕೆಗಳಿವೆ. ತಪ್ಪಿಸಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಲಕ್ಷಣ: ಒಂದು ಕಡೆ ವಾಸಿಯಾದರೆ ಇನ್ನೊಂದು ಕಡೆ

"ಇಮ್ಯುನಿಟಿ ಕಮ್ಮಿ" ಎಂಬ ಮಾತಿಗೆ ನಿಜವಾಗಿ ಜಾಗವಿರುವುದು ಇಲ್ಲಿ. ಅಗ್ಗದ ಪರೀಕ್ಷೆಯಿಂದ ಶುರುಮಾಡಿ: ರಕ್ತದ ಸಕ್ಕರೆ. ಅದು ಏರಿದ್ದರೆ ನ್ಯೂಟ್ರೋಫಿಲ್ ಸೋಮಾರಿಯಾಗುತ್ತದೆ. ಆಮೇಲೆ ಬಿಳಿ ರಕ್ತಕಣಗಳ ಎಣಿಕೆ, ಎಚ್‌ಐವಿ. ಸ್ಟೀರಾಯ್ಡ್ ಮಾತ್ರೆ ಅಥವಾ ಮುಲಾಮು ಬಳಸುತ್ತಿದ್ದರೆ ಮುಚ್ಚಿಡಬೇಡಿ. ಅದು ಕೆಂಪು, ಊತ, ನೋವು ಮೂರನ್ನೂ ಇಳಿಸಿ ವಾಸಿಯಾದಂತೆ ತೋರಿಸುತ್ತದೆ, ಒಳಗೆ ಬ್ಯಾಕ್ಟೀರಿಯಾ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಕುರು ಮಾತ್ರ ಮನೆಮಂದಿಗೆಲ್ಲ ಸರದಿಯಂತೆ ಬರುತ್ತಿದ್ದರೆ ಯಾರದೋ ಮೂಗಿನ ಹೊಳ್ಳೆಯಲ್ಲಿ ಸ್ಟೆಫ್ ನೆಲೆಸಿರುವ ಸಾಧ್ಯತೆ ಹೆಚ್ಚು. ಟವೆಲ್, ರೇಜರ್ ಬೇರೆ ಮಾಡಿ.

ವರದಿಯಲ್ಲಿ "ಸೆನ್ಸಿಟಿವ್" ಎಂದಿದೆ, ಆದರೂ ಸೋಂಕು ಹೋಗುತ್ತಿಲ್ಲ

ಲ್ಯಾಬ್ ವರದಿಯ ಎಸ್ (ಸೆನ್ಸಿಟಿವ್, ಔಷಧಕ್ಕೆ ಬಗ್ಗುವುದು), ಆರ್ (ರೆಸಿಸ್ಟೆಂಟ್, ಬಗ್ಗದ್ದು) ಅಕ್ಷರಗಳನ್ನು ಜನ ತೀರ್ಪಿನಂತೆ ಓದುತ್ತಾರೆ. ನಾನು ಆ ಪರೀಕ್ಷೆ ಮಾಡುವಾಗ ಬ್ಯಾಕ್ಟೀರಿಯಾ ಹೊಟ್ಟೆತುಂಬ ಉಂಡು, ಪ್ಲೇಟಿನ ಮೇಲೆ ಬಯಲಲ್ಲಿ, ಭರದಿಂದ ಬೆಳೆಯುತ್ತಿರುತ್ತದೆ. ಕೀವಿನ ಗೋಡೆ ಇಲ್ಲ, ಲೋಳೆ ಇಲ್ಲ, ಸಿಬಿರು ಇಲ್ಲ, ನಿದ್ದೆ ಇಲ್ಲ. ಬಯೋಫಿಲ್ಮ್‌ನೊಳಗೆ ಅದನ್ನೇ ಕೊಲ್ಲಲು ನೂರು, ಕೆಲವೊಮ್ಮೆ ಸಾವಿರ ಪಟ್ಟು ಔಷಧ ಬೇಕಾಗಬಹುದು, ಅಷ್ಟು ಔಷಧ ಮೈ ತಡೆಯದು. "ಆರ್" ಬಂದರೆ ಮಾತ್ರೆ ಬದಲಿಸಬೇಕು, ಸರಿ. "ಎಸ್" ಬಂದೂ ವಾಸಿಯಾಗದಿದ್ದರೆ ಮಾತ್ರೆಯನ್ನು ಬೈಯದೆ ವೈದ್ಯರನ್ನು ಹೀಗೆ ಕೇಳಿ: ಒಳಗೆ ಕೀವು ಉಳಿದಿದೆಯೇ? ತೆಗೆಯಬೇಕಾದ ವಸ್ತು ಏನಾದರೂ ಇದೆಯೇ? ಮೂಳೆಗೆ ಇಳಿದಿದೆಯೇ? ಸ್ಕ್ಯಾನ್ ಬೇಕೇ?

ಲ್ಯಾಬಿಗೂ ಒಂದು ಮಾತು ತಿಳಿಸಲು ಹೇಳಿ, ಇದು ತಿಂಗಳುಗಟ್ಟಲೆ ಮರುಕಳಿಸುತ್ತಿರುವ ಸೋಂಕು ಎಂದು. ಜೀವಕೋಶದೊಳಗೆ ಅವಿತು ಬದುಕುವ ಸ್ಟೆಫ್‌ನಲ್ಲಿ ಕುಳ್ಳ ಕಾಲನಿಯ ಬಗೆ ಒಂದಿದೆ. ಹೊಂಬಣ್ಣ ಇಲ್ಲ, ಮರುದಿನ ಬೆಳಗ್ಗೆ ನೋಡಿದರೆ ಪ್ಲೇಟ್ ಖಾಲಿ ಎಂದೇ ಅನ್ನಿಸುತ್ತದೆ. ಚೀಟಿಯಲ್ಲಿ ಆ ಒಂದು ಸಾಲು ಬರೆದಿದ್ದರೆ ನಾನು ಪ್ಲೇಟನ್ನು ಕಸಕ್ಕೆ ಹಾಕದೆ ಇನ್ನೂ ಎರಡು ದಿನ ಇಡುತ್ತೇನೆ. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದಾಗ ಸೂಜಿಮೊನೆಯಷ್ಟು ಬೂದು ಚುಕ್ಕಿಗಳು ಕಾಣುತ್ತವೆ.